ಹೊಸ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ನಿಲ್ಲುತ್ತಿದ್ದರೆ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ತೋಟದ ಲೆಕ್ಕಪತ್ರಕ್ಕೆಂದೋ ಮಕ್ಕಳ ಓದಿಗೆಂದೋ ಪೇಟೆಯಲ್ಲಿ ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುತ್ತಿದ್ದಾರೆ. ಬೇಕಾದ ಭಾಗವನ್ನು ಬೇಕಾದಂತೆ ಆರಿಸಿಕೊಳ್ಳಬಹುದು, ಕೆಟ್ಟರೆ ಆ ಒಂದನ್ನೇ ಬದಲಿಸಬಹುದು ಎಂಬುದು ಇದರ ಅನುಕೂಲ. ಆದರೆ ಯಂತ್ರ ಮನೆಗೆ ಬಂದು ವಾರವಾಗುವುದರೊಳಗೆ ‘ಕೆಲಸ ಮಾಡುತ್ತಿದ್ದಂತೆಯೇ ನಿಂತುಬಿಡುತ್ತದೆ, ಯಾವಾಗ ಎಂದು ಹೇಳಲಾಗದು’ ಎಂಬ ದೂರು ಹಲವರಿಂದ ಬಂದಿದೆ. ಸಂಘದ ಕಾರ್ಯಾಲಯಕ್ಕೆ ತರಿಸಿದ ಯಂತ್ರವೂ ಇದೇ ಆಟ ಹೂಡಿದ್ದರಿಂದ, ಆ ಅನುಭವವನ್ನೂ ಸೇರಿಸಿ ವಿಷಯವನ್ನು ಕೊಂಚ ವಿವರವಾಗಿ ತಿಳಿಸಬಯಸುತ್ತೇವೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಕಾರಣ ಪತ್ತೆಯಾಗುವ ತನಕ ಅಂಥ ಯಂತ್ರದಲ್ಲಿ ಲೆಕ್ಕ ಬರೆಯಬಾರದು. ಯಂತ್ರ ನಿಲ್ಲುವುದು ನಮ್ಮ ಕಣ್ಣಿಗೆ ಕಾಣುತ್ತದೆ. ನಿಲ್ಲದೆ ತಪ್ಪು ಮಾಡುವುದು ಕಾಣುವುದಿಲ್ಲ. ನಾವು ಟೈಪು ಮಾಡಿದ ಅಂಕಿ ಡಿಸ್ಕಿಗೆ ಹೋಗುವ ಮುನ್ನ ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಕುಳಿತಿರುತ್ತದೆ. ಅಲ್ಲಿ ಎಲ್ಲವೂ ಸೊನ್ನೆ ಮತ್ತು ಒಂದರ ಸಾಲು. ದೋಷವಿರುವ ರ‍್ಯಾಮಿನಲ್ಲಿ ಒಂದೇ ಒಂದು ಸೊನ್ನೆ ಒಂದಾಗಿ ತಿರುಗಿತೆಂದರೆ 50 ಕಿಲೋ ಎಂದು ಬರೆದದ್ದು 114 ಕಿಲೋ ಆಗಬಲ್ಲದು, ಮತ್ತು ಹಾಗೆಯೇ ಡಿಸ್ಕಿನಲ್ಲಿ ಉಳಿಯಬಲ್ಲದು. ಕೊಯ್ಲಿನ ಕಾಲದ ತೂಕದ ಪಟ್ಟಿಯಲ್ಲಿ ಇಂಥದೊಂದು ಸೇರಿಕೊಂಡರೆ ಅದನ್ನು ಹುಡುಕಿ ತೆಗೆಯುವವರು ಯಾರು? ಆಳುಗಳ ಬಟವಾಡೆಯಲ್ಲಾದರೆ ಜಗಳಕ್ಕೇ ಕಾರಣವಾದೀತು. ನಮ್ಮ ಯಂತ್ರ ಸರಿಹೋಗುವ ತನಕ ಕಾರ್ಯಾಲಯದ ಲೆಕ್ಕವೆಲ್ಲ ಹಳೆಯ ಯಂತ್ರದಲ್ಲೂ ಕಾಗದದ ಪುಸ್ತಕದಲ್ಲೂ ನಡೆಯಿತೇ ಹೊರತು ಹೊಸದರಲ್ಲಿ ಒಂದು ಸಾಲೂ ಬೀಳಲಿಲ್ಲ.

ಅಂಗಡಿಯವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ವಿಂಡೋಸ್ ಅಳಿಸಿ ಹೊಸದಾಗಿ ಹಾಕಿ ನೋಡಿ’ ಎಂಬುದು. ನಮಗೂ ಎರಡು ಸಲ ಇದನ್ನೇ ಹೇಳಿದರು. ಇದು ಪೂರ್ತಿ ತಪ್ಪೆನ್ನಲಾರೆವು. ಆದರೆ ರ‍್ಯಾಮೇ ಸರಿಯಿಲ್ಲದಿದ್ದರೆ ಹೊಸ ವಿಂಡೋಸ್ ಕೂಡ ಅದೇ ರ‍್ಯಾಮಿನ ಮೂಲಕವೇ ಡಿಸ್ಕಿಗೆ ಇಳಿಯಬೇಕಷ್ಟೆ. ಇಳಿಯುವಾಗಲೇ ಅದರ ಕಡತಗಳು ಕೆಡುತ್ತವೆ. ಆದುದರಿಂದ ಮೊದಲು ಯಂತ್ರದ ಪರೀಕ್ಷೆ, ವಿಂಡೋಸಿನ ಮಾತು ಆಮೇಲೆ.

ಪರೀಕ್ಷೆಗೆ ಬೇಕಾದ ಮೊದಲ ಸಲಕರಣೆ ಒಂದು ನೋಟು ಪುಸ್ತಕ. ಯಂತ್ರ ನಿಂತ ದಿನ, ಗಂಟೆ, ಆಗ ಏನು ಕೆಲಸ ನಡೆದಿತ್ತು, ಪರದೆಯ ಮೇಲೆ ಏನು ಬರೆದಿತ್ತು, ಕರೆಂಟು ಇತ್ತೋ ಇನ್ವರ್ಟರ್ ಮೇಲೆ ಓಡುತ್ತಿತ್ತೋ, ಪಂಪ್‌ಸೆಟ್ ಚಾಲೂ ಆಗಿತ್ತೋ ಇಷ್ಟನ್ನು ಬರೆದಿಡಬೇಕು. ನಿಲ್ಲುವ ಬಗೆಯಲ್ಲೂ ಭೇದವುಂಟು. ಸ್ವಿಚ್ಚು ಆರಿಸಿದಂತೆ ಒಮ್ಮೆಗೇ ಕತ್ತಲಾದರೆ ಸಂಶಯ ಹೆಚ್ಚಾಗಿ ವಿದ್ಯುತ್ತಿನ ಕಡೆಗೆ ಅಥವಾ ಬಿಸಿಯ ಕಡೆಗೆ ಹೋಗಬೇಕು. ದೋಷದ ಬರಹ ತೋರಿಸಿ ನಿಂತರೆ ಆ ಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ರತಿ ಸಲವೂ ಅದೇ ಬರಹ, ಅದೇ ಕಡತದ ಹೆಸರು ಬರುತ್ತಿದ್ದರೆ ಡ್ರೈವರ್ ಎಂಬ ಸಾಫ್ಟ್‌ವೇರ್ ಕಾರಣವಿರಬಹುದು. ಸಲಕ್ಕೊಂದು ಬರಹ, ಒಮ್ಮೆ ಬ್ರೌಸರಿನಲ್ಲಿ, ಒಮ್ಮೆ ಸುಮ್ಮನೆ ಬಿಟ್ಟಾಗ ಎಂದಾದರೆ ರ‍್ಯಾಮನ್ನೇ ಮೊದಲು ಹಿಡಿಯಬೇಕು.

ವಿಂಡೋಸಿನ ಇವೆಂಟ್ ವ್ಯೂವರ್ ಎಂಬಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಂಡು ಪವರ್ ಸಪ್ಲೈ ಬದಲಿಸಿಬಿಟ್ಟ ಸದಸ್ಯರೊಬ್ಬರಿದ್ದಾರೆ. ಆ ನಮೂದಿನ ಅರ್ಥ ಇಷ್ಟೇ: ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳದೆ ಮತ್ತೆ ಶುರುವಾಗಿದೆ. ಮರದಿಂದ ಬಿದ್ದವನ ಬಗ್ಗೆ ‘ಬಿದ್ದಿದ್ದಾನೆ’ ಎಂದು ಪಂಚನಾಮೆ ಬರೆದ ಹಾಗೆ. ಕೊಂಬೆ ಮುರಿಯಿತೋ ತಲೆ ಸುತ್ತಿತೋ ಅದರಲ್ಲಿಲ್ಲ. ಅದೇ ಪಟ್ಟಿಯಲ್ಲಿ ‘ವೀಯ’ ಎಂದು ಉಚ್ಚರಿಸುವ ಡಬ್ಲ್ಯು.ಎಚ್.ಇ.ಎ. ನಮೂದುಗಳಿದ್ದರೆ ಮಾತ್ರ ಅವು ಯಂತ್ರಾಂಶದ ದೋಷವನ್ನೇ ಸೂಚಿಸುತ್ತವೆ, ಅವನ್ನು ಬರೆದಿಟ್ಟುಕೊಳ್ಳಿ.

ಇನ್ನು ರ‍್ಯಾಮಿನ ವಿಚಾರ. ಹೊಸ ಯಂತ್ರಗಳ ತಂಟೆಗೆ ಅತಿ ಸಾಮಾನ್ಯ ಮೂಲಗಳಲ್ಲಿ ಇದೊಂದೆಂದು ನಮ್ಮ ತಿಳುವಳಿಕೆ. ರ‍್ಯಾಮ್ ಡಬ್ಬಿಯ ಮೇಲೆ 3600 ಎಂದೋ 6000 ಎಂದೋ ವೇಗ ಬರೆದಿರುತ್ತದೆ. ಆ ವೇಗ ತಾನಾಗಿ ಬರುವುದಲ್ಲ. ಮದರ್‌ಬೋರ್ಡಿನ ಬಯೋಸ್‌ನಲ್ಲಿ ಎಕ್ಸ್.ಎಂ.ಪಿ. ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಜೋಡಿಸಿದವರು ಒತ್ತಿದಾಗ ಬರುವುದು. ಇದು ನಿಗದಿತ ಮಟ್ಟಕ್ಕಿಂತ ಹೆಚ್ಚು ಓಡಿಸುವುದೇ ಆಗಿದ್ದು, ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್ ಮೂರೂ ಅದನ್ನು ತಾಳಿಕೊಳ್ಳಬೇಕು. ತಾಳಿಕೊಳ್ಳದಿದ್ದರೆ ಯಂತ್ರ ಶುರುವಾಗುತ್ತದೆ, ಓಡುತ್ತದೆ, ಎಲ್ಲೋ ನಡುವೆ ಎಡವುತ್ತದೆ. ನಾಲ್ಕು ಸ್ಟಿಕ್ ಹಾಕಿದರೆ ಎರಡಕ್ಕಿಂತ ಕಷ್ಟ. ಬೇರೆ ಬೇರೆ ಪೊಟ್ಟಣದವನ್ನು ಬೆರೆಸಿದರೆ ಇನ್ನೂ ಕಷ್ಟ. ಲೆಕ್ಕಪತ್ರದ ಕೆಲಸಕ್ಕೆ ಆ ಹೆಚ್ಚಿನ ವೇಗದಿಂದ ಆಗುವ ಉಪಯೋಗ ನಮಗಂತೂ ಕಾಣಲಿಲ್ಲ.

ಪರೀಕ್ಷಿಸುವ ಕ್ರಮ ಹೀಗೆ. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ಪ್ರೋಗ್ರಾಮನ್ನು ಬೇರೊಂದು ಒಳ್ಳೆಯ ಯಂತ್ರದಲ್ಲಿ ಪೆನ್ ಡ್ರೈವಿಗೆ ಹಾಕಿಕೊಂಡು, ಅದರಿಂದಲೇ ಹೊಸ ಯಂತ್ರವನ್ನು ಶುರುಮಾಡಬೇಕು. ವಿಂಡೋಸ್ ಇಲ್ಲದೆಯೇ ಇದು ಓಡುವುದರಿಂದ ಸಾಫ್ಟ್‌ವೇರಿನ ಮೇಲೆ ತಪ್ಪು ಹೊರಿಸಲು ಅವಕಾಶವೇ ಇಲ್ಲ. ಸಂಜೆ ಹಚ್ಚಿ ರಾತ್ರಿಯಿಡೀ ಬಿಡಿ. ಹತ್ತು ನಿಮಿಷದ ಪರೀಕ್ಷೆ ಸಾಲದು. ಒಂದೇ ಒಂದು ದೋಷ ಕಂಡರೂ ಆ ಯಂತ್ರ ಅನುತ್ತೀರ್ಣ. ಇಲ್ಲಿ ಮೂವತ್ತೈದಕ್ಕೆ ಪಾಸೆಂಬುದಿಲ್ಲ. ದೋಷ ಕಂಡರೆ ಬಯೋಸ್‌ನಲ್ಲಿ ಎಕ್ಸ್.ಎಂ.ಪಿ. ನಿಲ್ಲಿಸಿ ಮತ್ತೆ ಓಡಿಸಿ. ಆಗ ಶುದ್ಧವಾದರೆ ವೇಗವೇ ಕಾರಣ. ಆಗಲೂ ದೋಷ ಬಂದರೆ ಒಂದೊಂದೇ ಸ್ಟಿಕ್ ಇಟ್ಟು, ಒಂದೇ ಕಿಂಡಿಯಲ್ಲಿ ಸರದಿಯಂತೆ ಪರೀಕ್ಷಿಸಿ. ನಮ್ಮ ಯಂತ್ರದಲ್ಲಿ ಎರಡು ಸ್ಟಿಕ್‌ಗಳ ಪೈಕಿ ಒಂದು ರಾತ್ರಿಯಿಡೀ ನಿರ್ದೋಷವಾಗಿ ಓಡಿತು, ಇನ್ನೊಂದು ಅದೇ ಕಿಂಡಿಯಲ್ಲಿ, ಸಾಮಾನ್ಯ ವೇಗದಲ್ಲೇ, ಮುಕ್ಕಾಲು ಗಂಟೆಯೊಳಗೆ ಕೆಂಪು ಸಾಲುಗಳನ್ನು ತೋರಿಸಿತು. ಆ ಪರದೆಯ ಫೋಟೋವನ್ನು ಬಿಲ್ಲಿನ ಜೊತೆ ಅಂಗಡಿಗೆ ಕೊಟ್ಟ ಮೇಲೆ ಮರುಮಾತಿಲ್ಲದೆ ಬದಲಿಸಿಕೊಟ್ಟರು. ಅದಾದ ನಂತರವೇ ವಿಂಡೋಸನ್ನು ಹೊಸದಾಗಿ ಹಾಕಿಸಿದೆವು.

ಇಲ್ಲಿ ಗಮನಿಸತಕ್ಕದ್ದು, ಒಂದು ಸಲಕ್ಕೆ ಒಂದೇ ಬದಲಾವಣೆ. ಅಡಿಕೆ ಮರ ಹಳದಿ ತಿರುಗಿತೆಂದು ಒಂದೇ ವಾರದಲ್ಲಿ ಸುಣ್ಣ, ಗೊಬ್ಬರ, ಬಸಿಗಾಲುವೆ ಎಲ್ಲವನ್ನೂ ಮಾಡಿದವರಿಗೆ, ಹಸಿರಾದದ್ದು ಯಾವುದರಿಂದ ಎಂದು ಮುಂದಿನ ವರ್ಷಕ್ಕೆ ತಿಳಿದಿರುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲೂ ಹಾಗೆಯೇ.

ರ‍್ಯಾಮ್ ಶುದ್ಧವೆಂದಾದರೆ ವಿದ್ಯುತ್ತು. ಮಲೆನಾಡಿನಲ್ಲಿರುವ ನಮಗೆ ವೋಲ್ಟೇಜಿನ ಕಥೆ ಹೇಳಬೇಕಾಗಿಲ್ಲ. ಪಂಪ್ ಹಾಕಿದೊಡನೆ ದೀಪ ಮಂಕಾಗುವ ಮನೆಯಲ್ಲಿ ಯಂತ್ರವೂ ಅದೇ ಹೊತ್ತಿಗೆ ನಿಂತರೆ ಹುಡುಕಾಟ ಅಲ್ಲಿಗೇ ಮುಗಿಯಿತು. 600 ವಿ.ಎ. ಎಂದು ಬರೆದ ಸಾಮಾನ್ಯ ಯು.ಪಿ.ಎಸ್. ಸುಮಾರು 360 ವ್ಯಾಟ್ ಮಾತ್ರ ಕೊಡುವುದು. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರಕ್ಕೆ ಅದು ಸಾಲದು. ಶುದ್ಧ ಸೈನ್ ವೇವ್ ಅಲ್ಲದ ಹಳೆಯ ಇನ್ವರ್ಟರುಗಳೊಡನೆ ಈಗಿನ ಕೆಲವು ಪವರ್ ಸಪ್ಲೈಗಳು ಹೊಂದಿಕೊಳ್ಳುವುದಿಲ್ಲ, ಕರೆಂಟು ಹೋದ ಕ್ಷಣವೇ ಆರುತ್ತವೆ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದಲೇ ನೋಡಿಸಿ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಮತ್ತು ಪ್ರೊಸೆಸರಿಗೆ ಹೋಗುವ 8 ಪಿನ್ನಿನ ತಂತಿಗಳು ಪೂರ್ತಿ ಕೂತಿವೆಯೇ ಎಂಬುದನ್ನು, ಪ್ಲಗ್ಗು ತೆಗೆದ ಮೇಲೆ, ಒತ್ತಿ ನೋಡಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ಗು ತೆಗೆದಿದ್ದರೂ ಒಳಗೆ ಅಪಾಯಕರ ವೋಲ್ಟೇಜು ಉಳಿದಿರುತ್ತದೆ.

ಬಿಸಿಯ ವಿಚಾರ ಸುಲಭ. ಪ್ರೊಸೆಸರಿನ ತಾಪ 95–100 ಡಿಗ್ರಿ ಮುಟ್ಟುತ್ತಿದೆಯೇ ನೋಡಿ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಕೂರಿಸಿದ ಉದಾಹರಣೆಗಳಿವೆ.

ಪ್ರೊಸೆಸರೇ ಕೆಡುವುದು ಅಪರೂಪವೆಂಬ ಮಾತಿತ್ತು. ಇಂಟೆಲ್ ಕಂಪೆನಿಯ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಕರಣದಿಂದ ಅದನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಅತಿಯಾದ ವೋಲ್ಟೇಜಿನಿಂದ ಇವುಗಳಲ್ಲಿ ಕೆಲವು ಕ್ರಮೇಣ ಅಸ್ಥಿರವಾಗುತ್ತವೆಂದು ಕಂಪೆನಿಯೇ 2024ರಲ್ಲಿ ಒಪ್ಪಿಕೊಂಡು, ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬಯೋಸ್ ಮೂಲಕ ಹಾಕಿಕೊಳ್ಳುವ ತಿದ್ದುಪಡಿಗಳನ್ನು ಹೊರಡಿಸಿತು. ಡಬ್ಬಿಯಲ್ಲಿ ಮಾರಿದ ಪ್ರೊಸೆಸರುಗಳ ವಾರಂಟಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುವುದೇ ಹೊರತು ಈಗಾಗಲೇ ಕೆಟ್ಟುದನ್ನು ಸರಿಪಡಿಸದು. ಆ ತಲೆಮಾರಿನ ಐ7, ಐ9 ಇರುವವರು ಬಯೋಸ್ ಹೊಸದಾಗಿದೆಯೇ ಎಂದು ತಪ್ಪದೆ ವಿಚಾರಿಸಿ. ಬಯೋಸ್ ಬದಲಿಸುವಾಗ ಕರೆಂಟು ಹೋದರೆ ಮದರ್‌ಬೋರ್ಡೇ ನಿಷ್ಪ್ರಯೋಜಕವಾಗಬಹುದು. ಗುಡುಗು ಮಳೆಯ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ.

ಡಿ.ಡಿ.ಆರ್.5 ರ‍್ಯಾಮ್ ಇರುವ ಯಂತ್ರ ಮೊದಲ ಸಲ ಶುರುವಾಗುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ದೋಷವಲ್ಲ, ಸ್ವಿಚ್ಚು ಆರಿಸದೆ ಕಾಯಿರಿ.

ಜೋಡಿಸಿದ ಯಂತ್ರದಲ್ಲಿ ಪ್ರತಿ ಭಾಗಕ್ಕೂ ಬೇರೆ ಬೇರೆ ವಾರಂಟಿ ಇರುವುದರಿಂದ, ಎಲ್ಲ ಭಾಗಗಳ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಖಾಲಿ ಡಬ್ಬಿಗಳನ್ನು ಒಲೆಗೆ ಹಾಕದಿರಿ. ಅಂಗಡಿಯಲ್ಲೇ ಬದಲಿಸಿಕೊಡುವ ಅವಧಿ ಬಹಳ ಕಡಿಮೆ. ಅದು ಮುಗಿದ ಮೇಲೆ ತಯಾರಕರ ಸೇವಾಕೇಂದ್ರಕ್ಕೆ ಅಲೆಯಬೇಕಾಗುತ್ತದೆ. ಆದ್ದರಿಂದ ಯಂತ್ರ ಬಂದ ಮೊದಲ ರಾತ್ರಿಯೇ ರ‍್ಯಾಮ್ ಪರೀಕ್ಷೆ ಮುಗಿಸುವುದು ಉತ್ತಮ. ಮೆಮ್‌ಟೆಸ್ಟ್ ಹಾಕಿದ ಎರಡು ಪೆನ್ ಡ್ರೈವುಗಳನ್ನು ಕಾರ್ಯಾಲಯದಲ್ಲಿ ಇರಿಸಿದ್ದೇವೆ. ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು. ಮೂರು ದಿನದೊಳಗೆ ಹಿಂದಿರುಗಿಸಬೇಕಾಗಿ ಕೋರಿಕೆ.