ಹಣೆಪಟ್ಟಿಯಲ್ಲ, ಹಕ್ಕಿನ ಚೀಟಿ

ಪರೀಕ್ಷೆ ಮುಗಿಸಿ ಜ್ಞಾನಭಾರತಿಯ ಮರಗಳ ನೆರಳಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬಳ ಮುಖ ಮಾತ್ರ ಬಾಡಿತ್ತು. ಪ್ರಶ್ನೆಪತ್ರಿಕೆ ಕಠಿಣವಾಗಿರಲಿಲ್ಲ. ಓದಿದ್ದೇ ಬಂದಿತ್ತು. ಆದರೆ ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟುವ ಮೊದಲೇ ಗಂಟೆ ಬಾರಿಸಿತ್ತು. ಎಸ್ಸೆಸ್ಸೆಲ್ಸಿಯಲ್ಲೂ ಹೀಗೆಯೇ ಆಗಿತ್ತು, ಪಿಯುಸಿಯಲ್ಲೂ ಹೀಗೆಯೇ.

ಹುಟ್ಟಿನಿಂದಲೇ ಅವಳ ಬಲಗೈ, ಬಲಗಾಲುಗಳಲ್ಲಿ ಬಿಗಿತ. ವೈದ್ಯರು ಅದನ್ನು ಸೆರೆಬ್ರಲ್ ಪಾಲ್ಸಿ ಎಂದಿದ್ದರು. ಎಡಗೈಯಲ್ಲಿ ಬರೆಯುತ್ತಾಳೆ. ಆದರೆ ಹಾಳೆಯನ್ನು ಅದುಮಿ ಹಿಡಿಯಬೇಕಾದ ಬಲಗೈ ಮಾತು ಕೇಳುವುದಿಲ್ಲ. ಹಾಳೆ ಜಾರುತ್ತದೆ, ಸರಿಪಡಿಸಿಕೊಂಡು ಮತ್ತೆ ಬರೆಯಬೇಕು. ಮೂರು ಗಂಟೆಯಲ್ಲಿ ಉಳಿದವರು ಮೂವತ್ತು ಪುಟ ತುಂಬಿಸಿದರೆ ಅವಳು ಇಪ್ಪತ್ತು ಪುಟ.

‘ನಿನಗೆ ಹೆಚ್ಚಿನ ಸಮಯ ಕೊಡುತ್ತಾರಲ್ಲ, ಕೇಳಲಿಲ್ಲವೇ?’ ಎಂದರೆ ಅವಳು ಕಣ್ಣರಳಿಸಿದಳು. ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳಲು ಕೈಯಲ್ಲಿ ಪ್ರಮಾಣಪತ್ರ ಇರಲಿಲ್ಲ. ಕೆಂಗೇರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಅವಳ ತಂದೆ ಗಾರೆ ಕೆಲಸದ ಮೇಸ್ತ್ರಿ. ಅವರನ್ನು ಕೇಳಿದಾಗ ಬಂದ ಉತ್ತರ ಇದು: ‘ಸರ್ಟಿಫಿಕೇಟ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ ಸಾರ್. ನಾಳೆ ಅವಳಿಗೊಂದು ಮದುವೆ ಮಾಡಬೇಕಲ್ಲ?’

ಊರಿಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಗೊತ್ತಾಗಬೇಕಾಗಿದ್ದ ಪರೀಕ್ಷಾ ವಿಭಾಗಕ್ಕೆ ಮಾತ್ರ ಗೊತ್ತಾಗಿರಲಿಲ್ಲ!

ಇದು ಒಂದು ಮನೆಯ ಕಥೆಯಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13 ಲಕ್ಷ 24 ಸಾವಿರಕ್ಕೂ ಹೆಚ್ಚು. ಅವರಲ್ಲಿ ಶಾಲೆ ಕಾಲೇಜುಗಳ ಬೆಂಚಿನ ಮೇಲೆ ಕುಳಿತವರೂ ಇದ್ದಾರೆ. ಸವಲತ್ತುಗಳು ಕಾಗದದ ಮೇಲೆ ಇವೆ. ಅವನ್ನು ಮನೆಗೆ ತರುವ ದಾರಿ ಯಾವುದು?

ಏಳರಿಂದ ಇಪ್ಪತ್ತೊಂದಕ್ಕೆ

ಅಂಗವಿಕಲರಿಗೆಂದೇ ದೇಶದಲ್ಲಿ ಸಮಗ್ರ ಕಾಯ್ದೆಯೊಂದು ಬಂದದ್ದು 1995ರಲ್ಲಿ. 1996ರ ಫೆಬ್ರುವರಿ 7ರಂದು ಜಾರಿಯಾದ ಆ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ 21 ಬಗೆಗಳಿವೆ. ಕಣ್ಣು, ಕಿವಿ, ಕೈಕಾಲುಗಳ ತೊಂದರೆ ಮಾತ್ರವಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಓದು ಬರಹದಲ್ಲಿ ಮಾತ್ರ ಎಡವುವ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ತಲಸ್ಸೀಮಿಯ, ಹಿಮೋಫಿಲಿಯ, ಕುಡಗೋಲು ಕಣ ರೋಗ, ಆಸಿಡ್ ದಾಳಿಗೆ ತುತ್ತಾದವರ ಗಾಯ — ಎಲ್ಲವೂ ಸೇರಿವೆ. ‘ನಮ್ಮ ಮಗು ಕುಂಟುವುದಿಲ್ಲವಲ್ಲ, ನಮಗೇಕೆ ಇದು’ ಎಂದುಕೊಂಡಿರುವ ತಂದೆ ತಾಯಿಗಳು ಈ ಪಟ್ಟಿಯನ್ನು ಒಮ್ಮೆ ಓದಬೇಕು.

ಇನ್ನೊಂದು ಮುಖ್ಯ ಸಂಗತಿ ಶೇಕಡಾ 40ರ ಗೆರೆ. ವೈಕಲ್ಯದ ಪ್ರಮಾಣ ಶೇ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದರೆ ಮಾತ್ರ ಮೀಸಲಾತಿ, ಮಾಸಾಶನ, ವಿದ್ಯಾರ್ಥಿವೇತನಗಳ ಬಾಗಿಲು ತೆರೆಯುತ್ತದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಲೆಕ್ಕಕ್ಕೆ ಬರುವುದು ಶೇ 30 ಮಾತ್ರ ಎಂಬುದು ಅನೇಕರಿಗೆ ಆಘಾತ ತರುತ್ತದೆ. ಆದ್ದರಿಂದ ನೆರೆಯವರ ಮಾತು ಕೇಳಿ ಆಸೆ ಕಟ್ಟಿಕೊಳ್ಳುವುದೂ ಬೇಡ, ‘ನಮಗೆ ಸಿಗಲಿಕ್ಕಿಲ್ಲ’ ಎಂದು ಸುಮ್ಮನೆ ಕೂರುವುದೂ ಬೇಡ. ಅಳೆಯುವುದು ವೈದ್ಯರ ಕೆಲಸ. ಅಳೆಯಿಸಿಕೊಳ್ಳುವುದು ನಮ್ಮ ಕೆಲಸ.

ಮೊದಲ ಬಾಗಿಲು

ಹಿಂದೆ ಪ್ರಮಾಣಪತ್ರವೆಂದರೆ ಆಸ್ಪತ್ರೆಯ ಮೊಹರು ಬಿದ್ದ ಒಂದು ಹಾಳೆ. ಬುಧವಾರ ಬಂದರೆ ಮೂಳೆ ಡಾಕ್ಟರಿಲ್ಲ, ಶುಕ್ರವಾರ ಬಂದರೆ ಮೊಹರಿಲ್ಲ ಎಂದು ಅಲೆದು ಚಪ್ಪಲಿ ಸವೆಸಿದವರು ಎಷ್ಟೋ ಮಂದಿ. 2021ರ ಜೂನ್ 1ರಿಂದ ಈ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಸ್ವಾವಲಂಬನ ಪೋರ್ಟಲ್ ಮೂಲಕವೇ ಕೊಡಬೇಕೆಂದು ನಿಯಮವಾಗಿದೆ. ಅದರೊಂದಿಗೆ ಸಿಗುವುದು ಯುಡಿಐಡಿ ಕಾರ್ಡ್, ಅಂದರೆ ವಿಶಿಷ್ಟ ಗುರುತಿನ ಚೀಟಿ. ಅದರ ಸಂಖ್ಯೆ 18 ಅಕ್ಷರಗಳದ್ದು. ಈ ಪ್ರಮಾಣಪತ್ರ ದೇಶದ ಎಲ್ಲ ಕಡೆಯೂ ಮಾನ್ಯ.

ಅರ್ಜಿಯನ್ನು ಮನೆಯಲ್ಲೇ ಮೊಬೈಲ್‌ನಿಂದ ತುಂಬಬಹುದು. ಅದಕ್ಕೆ ಬೇಕಾದದ್ದು ಇತ್ತೀಚಿನ ಭಾವಚಿತ್ರ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಆಧಾರ್, ವಿಳಾಸದ ದಾಖಲೆ. ಹಳೆಯ ಪ್ರಮಾಣಪತ್ರವಿದ್ದರೆ ಅದನ್ನೂ ಸೇರಿಸಬೇಕು. ಜಿಲ್ಲೆ ಆರಿಸುವಾಗ ಮಾತ್ರ ಎಚ್ಚರ ಬೇಕು. ಜ್ಞಾನಭಾರತಿ, ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದವರು ‘ಬೆಂಗಳೂರು ನಗರ’ ಎಂದೇ ಗುರುತಿಸಬೇಕು. ರಾಮನಗರ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರು ಬಂದಿದೆ. ನಮ್ಮ ಬೆಂಗಳೂರು ದಕ್ಷಿಣ ತಾಲ್ಲೂಕಿನವರು ಆ ಹೆಸರು ಕಂಡು ಮೋಸಹೋದರೆ ಅರ್ಜಿ ಬೇರೆ ಜಿಲ್ಲೆಯ ಪಾಲಾಗುತ್ತದೆ.

ಹೆಸರಿನ ಕಾಗುಣಿತದ ವಿಷಯವೂ ಅಷ್ಟೇ ಮುಖ್ಯ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಇಲ್ಲಿ ದಾಟಿದರೂ ಮುಂದೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಸಿಕ್ಕಿಬೀಳುತ್ತದೆ. ಮೊದಲು ಆಧಾರ್ ತಿದ್ದಿಸಿ, ಆಮೇಲೆ ಇಲ್ಲಿಗೆ ಬನ್ನಿ.

ಅರ್ಜಿ ಸಲ್ಲಿಸಿದ ಮೇಲೆ ನೋಂದಣಿ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಆನಂತರ ಆರಿಸಿಕೊಂಡ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕು. ನಗರದ ಪಶ್ಚಿಮ ಭಾಗದವರಿಗೆ ಪರಿಚಿತವಾದ ದೊಡ್ಡ ಸರ್ಕಾರಿ ಆಸ್ಪತ್ರೆ ಮಲ್ಲೇಶ್ವರದ ಕೆ.ಸಿ. ಜನರಲ್. ಕಣ್ಣಿಗೆ ಮಿಂಟೋ, ಮನಸ್ಸು ಮತ್ತು ಬುದ್ಧಿಗೆ ಸಂಬಂಧಿಸಿದ್ದಕ್ಕೆ ನಿಮ್ಹಾನ್ಸ್ ಹೆಸರಾದವು. ಜ್ಞಾನಭಾರತಿಯ ಮುಂದೆ ಹಾದುಹೋಗುವ ಇದೇ ಮೈಸೂರು ರಸ್ತೆಯ ಆ ತುದಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಯಾವ ವೈಕಲ್ಯಕ್ಕೆ ಯಾವ ಆಸ್ಪತ್ರೆ, ಯಾವ ದಿನ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಹೋಗುವಾಗ ಹಳೆಯ ಚೀಟಿಗಳು, ಸ್ಕ್ಯಾನ್, ಶ್ರವಣ ಪರೀಕ್ಷೆಯ ವರದಿ — ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಕಲಿಕಾ ನ್ಯೂನತೆಯ ಮಕ್ಕಳಾದರೆ ಶಾಲೆಯ ಉತ್ತರಪತ್ರಿಕೆಗಳೂ ಜೊತೆಗಿರಲಿ. ವೈದ್ಯರ ಮುಂದೆ ಮಗುವಿಗೆ ಏನು ಆಗುವುದಿಲ್ಲ ಎಂಬುದನ್ನು ಮುಚ್ಚಿಡಬೇಡಿ. ‘ಎಲ್ಲಾ ಮಾಡ್ತಾಳೆ ಡಾಕ್ಟ್ರೇ’ ಎನ್ನುವುದು ತಾಯಿಯ ಹೆಮ್ಮೆ. ಆದರೆ ಅಲ್ಲಿ ಹೇಳಬೇಕಾದದ್ದು ಗುಂಡಿ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು, ಮೆಟ್ಟಿಲು ಹತ್ತಲು ಯಾರ ಕೈ ಬೇಕು ಎಂಬುದನ್ನು.

ಸ್ಥಿತಿ ಬದಲಾಗುವ ಸಂಭವವಿಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರ, ಇಲ್ಲವಾದರೆ ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅವಧಿ ಮುಗಿಯುವ ತಾರೀಖು ಪರೀಕ್ಷೆಯ ಹೊಸ್ತಿಲಲ್ಲಿ ಬಂದು ನಿಲ್ಲದಂತೆ ಮುಂಚಿತವಾಗಿ ನವೀಕರಿಸಿ. 2024ರಲ್ಲಿ ತಿದ್ದುಪಡಿಯಾದ ನಿಯಮಗಳು ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವು ಹಾಕಿವೆ. ಕಾರ್ಡಿನ ಬಣ್ಣವೂ ಪ್ರಮಾಣ ಹೇಳುತ್ತದೆ: ಶೇ 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಕಾರ್ಡ್ ಬಂದ ಮೇಲೆ

ಕಾರ್ಡ್ ಬಂದ ಕೂಡಲೇ ಸವಲತ್ತುಗಳು ತಾವಾಗಿ ಮನೆ ಹುಡುಕಿಕೊಂಡು ಬರುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕಚೇರಿ.

ಮಾಸಾಶನ ಕಂದಾಯ ಇಲಾಖೆಯದು, ಅರ್ಜಿ ನಾಡಕಚೇರಿಯಲ್ಲಿ. 2021ರ ಜುಲೈನಲ್ಲಿ ಘೋಷಣೆಯಾದ ಏರಿಕೆಯಿಂದ ಶೇ 40ರಿಂದ 75ರವರೆಗಿನವರಿಗೆ ತಿಂಗಳಿಗೆ 600 ರೂಪಾಯಿ ಇದ್ದದ್ದು 800 ಆಯಿತು. ವೈಕಲ್ಯ ತೀವ್ರವಾದಂತೆ ಮೊತ್ತ ಹೆಚ್ಚು. ಇದಕ್ಕೆ ಕುಟುಂಬದ ವರಮಾನದ ಮಿತಿಯುಂಟು, ಆದ್ದರಿಂದ ಆದಾಯ ಪ್ರಮಾಣಪತ್ರ ಬೇಕೇ ಬೇಕು.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಒಂದು, ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಇನ್ನೊಂದು. ಕೇಂದ್ರದ ಯೋಜನೆಯಲ್ಲಿ 9 ಮತ್ತು 10ನೇ ತರಗತಿಗೆ ಮೆಟ್ರಿಕ್ ಪೂರ್ವ, ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಮೆಟ್ರಿಕ್ ನಂತರದ ವೇತನವಿದೆ. ಎರಡಕ್ಕೂ ಪೋಷಕರ ವಾರ್ಷಿಕ ವರಮಾನದ ಮಿತಿ 2.5 ಲಕ್ಷ ರೂಪಾಯಿ. ಕೊನೆಯ ದಿನಾಂಕದ ರಾತ್ರಿ ಕುಳಿತರೆ ಪೋರ್ಟಲ್ ತೆರೆಯುವುದಿಲ್ಲ ಎಂಬುದು ಎಲ್ಲ ವಿದ್ಯಾರ್ಥಿಗಳ ಅನುಭವ!

ಬಸ್ಸಿನ ವಿಷಯಕ್ಕೆ ಬಂದರೆ, ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ. ಅರ್ಜಿ ಸೇವಾಸಿಂಧು ಪೋರ್ಟಲ್‌ನಲ್ಲಿ. ರೈಲಿನ ರಿಯಾಯಿತಿಗೆ ರೈಲ್ವೆಯದೇ ಬೇರೆ ನಮೂನೆ ಇದೆ, ಯುಡಿಐಡಿ ತೋರಿಸಿದರೆ ಸಾಕು ಎಂದುಕೊಂಡು ಹೋಗಬೇಡಿ.

ಶಿಕ್ಷಣದಲ್ಲಿ ಕಾಯ್ದೆಯ ಮಾತು ಸ್ಪಷ್ಟ. ಶೇ 40ರ ಗೆರೆ ದಾಟಿದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4. ಸಿಇಟಿ ಬರೆಯುವವರು ಅರ್ಜಿಯಲ್ಲೇ ಈ ಮೀಸಲಾತಿ ಕೋರಬೇಕು. ಪರೀಕ್ಷಾ ಪ್ರಾಧಿಕಾರ ತನ್ನದೇ ವೈದ್ಯಕೀಯ ತಪಾಸಣೆ ನಡೆಸುತ್ತದೆ. ಆ ದಿನ ತಪ್ಪಿಸಿಕೊಂಡರೆ ಸೀಟೂ ತಪ್ಪೀತು.

ಕೊನೆಗೆ, ನಮ್ಮ ಹುಡುಗಿಗೆ ಬೇಕಾಗಿದ್ದ ಸಮಯ. ಕೇಂದ್ರದ 2018ರ ಮಾರ್ಗಸೂಚಿಯಂತೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬೇಕಾದವರಿಗೆ ಲಿಪಿಕಾರರೂ ಉಂಟು. ಶೇ 40 ಮುಟ್ಟದವರೂ ಬರೆಯಲು ಕಷ್ಟವಿದ್ದರೆ ಲಿಪಿಕಾರರನ್ನು ಕೇಳಬಹುದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಐಎಎಸ್ ಆಕಾಂಕ್ಷಿಯೊಬ್ಬರು ಹೂಡಿದ ಮೊಕದ್ದಮೆ ಅದು. ಅದರ ಬೆನ್ನಿಗೆ 2022ರಲ್ಲಿ ಅಂಥವರಿಗೂ ಮಾರ್ಗಸೂಚಿ ಬಂತು. ಕೋರಿಕೆಯನ್ನು ಮಾತ್ರ ಪರೀಕ್ಷಾ ಅರ್ಜಿ ತುಂಬುವಾಗಲೇ ಲಿಖಿತವಾಗಿ ಕೊಡಬೇಕು.

ಹದಿನೆಂಟು ತುಂಬಿದಾಗ

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯವಿರುವ ಮಕ್ಕಳ ಪೋಷಕರು ಮರೆಯಬಾರದ ಇನ್ನೊಂದು ಮಾತಿದೆ. ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅದು ವಯಸ್ಕ ವ್ಯಕ್ತಿ. ತಾನಾಗಿ ನಿರ್ಧಾರ ತೆಗೆದುಕೊಳ್ಳಲಾಗದ ಮಕ್ಕಳ ಪರವಾಗಿ ಬ್ಯಾಂಕಿನಲ್ಲಿ, ಆಸ್ತಿಯ ವ್ಯವಹಾರದಲ್ಲಿ ಸಹಿ ಹಾಕಲು ಹೆತ್ತವರಿಗೂ ಆಗ ಅಧಿಕಾರ ಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಯನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವ ಪಡೆಯಬೇಕು. ಇದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ ಈ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗಿನ ಖರ್ಚನ್ನು ಭರಿಸುತ್ತದೆ.

ಇಲ್ಲ ಎಂದರೆ?

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಪ್ರಮಾಣ ಕಡಿಮೆಯಾಯಿತೆನಿಸಿದರೆ 90 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಅಲ್ಲೂ ಹಕ್ಕಿಗೆ ಭಂಗವಾದರೆ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ ದೂರು ಕೊಡಬಹುದು. ಆಸ್ಪತ್ರೆಯ ಗೇಟಿನ ಬಳಿ ‘ಐದು ಸಾವಿರ ಕೊಡಿ, 75 ಪರ್ಸೆಂಟ್ ಮಾಡಿಸಿಕೊಡ್ತೀನಿ’ ಎನ್ನುವವರು ಸಿಕ್ಕರೆ ದೂರವಿರಿ. ಅರ್ಹತೆಯಿಲ್ಲದೆ ಮೋಸದಿಂದ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಪಾಪ, ನಿಜವಾಗಿ ಬೇಕಾದವರ ಸೀಟು ಕಸಿದದ್ದು.

ದಾರಿ ತೋಚದಿದ್ದರೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಿದೆ, ಹಳ್ಳಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುತೇಕ ಅವರೂ ಅಂಗವೈಕಲ್ಯ ಉಳ್ಳವರೇ. ಕಚೇರಿಯ ಮೆಟ್ಟಿಲಿನ ಎತ್ತರ ಎಷ್ಟೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹುಡುಗಿಯ ತಂದೆ ಒಂದು ವಾರ ಯೋಚಿಸಿ ಒಪ್ಪಿದರು. ಮಗಳೇ ಅರ್ಜಿ ತುಂಬಿದಳು. ಎರಡು ಸಲ ಆಸ್ಪತ್ರೆಗೆ ಹೋಗಬೇಕಾಯಿತು, ಅದರಲ್ಲಿ ಒಂದು ಸಲ ಬರಿಗೈಯಲ್ಲಿ ವಾಪಸು. ಕೊನೆಗೆ ಹಳದಿ ಕಾರ್ಡ್ ಬಂತು. ಅದಕ್ಕೆಂದು ಯಾವ ಸಂಬಂಧವೂ ಮುರಿದುಬೀಳಲಿಲ್ಲ, ಊರೂ ಮಾತಾಡಲಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ಎಲ್ಲರೂ ಎದ್ದುಹೋದ ಮೇಲೆ ಕೊಠಡಿಯಲ್ಲಿ ಅವಳೊಬ್ಬಳೇ ಕುಳಿತು ಬರೆದಳು. ಜೀವನದಲ್ಲಿ ಮೊದಲ ಬಾರಿಗೆ ಕೊನೆಯ ಪ್ರಶ್ನೆಯನ್ನೂ ಮುಗಿಸಿ, ಹತ್ತು ನಿಮಿಷ ಉಳಿಸಿಕೊಂಡು ಹೊರಬಂದಳು. ಹೊರಗೆ ಕಾಯುತ್ತಿದ್ದ ತಂದೆ ಅವಳ ಮುಖ ನೋಡಿ ಏನೂ ಕೇಳಲಿಲ್ಲ. ಬಸ್ಸು ಹತ್ತುವಾಗ ಮಾತ್ರ ಮೆಲ್ಲನೆ ಅಂದರಂತೆ: ‘ಹತ್ತನೇ ಕ್ಲಾಸಿನಲ್ಲೇ ಮಾಡಿಸಬೇಕಿತ್ತು ಕಣಮ್ಮಾ.’

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಈಗ ಹತ್ತನೇ ಕ್ಲಾಸಿನಲ್ಲಿರುವ ಅಂಥ ಮಗುವೊಂದಿದ್ದರೆ, ಆ ಮಾತು ನಿಮಗೂ ಕೇಳಿಸಲಿ.