ಗುಡಿಸಲು ಮತ್ತು ಆರೋಗ್ಯ



ದೀಪಾವಳಿ ಕಳೆದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸತೊಡಗಿದವೆಂದರೆ ನಮ್ಮ ಶೇಡಬಾಳ, ಉಗಾರ, ಕಾಗವಾಡದ ಸೀಮೆಯಲ್ಲಿ ರವದಿ, ತಾಡಪತ್ರಿಗಳ ಗುಡಿಸಲುಗಳು ಏಳುತ್ತವೆ. ದೂರದ ಬರಸೀಮೆಯಿಂದ ಬಂದ ಗಂಡಹೆಂಡಿರು ನಸುಕಿನಲ್ಲೇ ಕಡಿಯಲು ಹೋಗುತ್ತಾರೆ. ಕೂಸುಗಳು ಅಕ್ಕಂದಿರ ಕೈಯಲ್ಲಿ ಉಳಿಯುತ್ತವೆ. ಚಳಿ ಏರಿತೆಂದರೆ ಕೆಮ್ಮು, ಭೇದಿ. "ಅವರಿಗೆ ಸ್ವಚ್ಛತೆಯೇ ಗೊತ್ತಿಲ್ಲ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮಾತು ನಿಲ್ಲುತ್ತದೆಯೇ?

ಪ್ಲೇಗಿನ ಕಾಲವನ್ನು ನೆನೆಯೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ಹೊಕ್ಕಿತು. ಆಗ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿ ಜೀವ ಉಳಿಸಿಕೊಂಡರು. ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ಅದೇ ವರ್ಷ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿಕೊಟ್ಟರು. ಇಲಿಗಳು ಕಾಳಿನ ಮನೆಯಲ್ಲೇ ಉಳಿದವು, ಜನ ಬಯಲಿಗೆ ಬಂದರು. ಅಂದರೆ ಅಂದು ಗುಡಿಸಲೇ ಔಷಧ! ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೂ ಆ ಭಯದಿಂದಲೇ. ಆದರೆ ಅಲ್ಲಿ ನಿವೇಶನ ಕೊಳ್ಳಲಾರದವರು ಹಳೆಯ ಓಣಿಗಳಲ್ಲೇ ಉಳಿಯಬೇಕಾಯಿತು.

ಹಾಗಾದರೆ ಕೆಡುಕು ಗುಡಿಸಲಿನದಲ್ಲ, ಅದರ ಸುತ್ತ ಇಲ್ಲದಿರುವುದರದು. ನೀರನ್ನು ದೂರದಿಂದ ಕೊಡದಲ್ಲಿ ಹೊರಬೇಕಾದರೆ ಮೊದಲ ಪಾಲು ಕುಡಿಯಲು, ಅಡುಗೆಗೆ. ಕೈ ತೊಳೆಯುವ ಸರದಿ ಕೊನೆಗೆ. ಶೌಚಾಲಯವಿಲ್ಲದ ಹೆಂಗಸು ಕತ್ತಲಾಗುವವರೆಗೆ ನೀರು ಕುಡಿಯುವುದನ್ನೇ ತಡೆಯುತ್ತಾಳೆ. ಮೂತ್ರದ ಸೋಂಕಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಮತ್ತೆ ಮತ್ತೆ ಭೇದಿಯಾದ ಕೂಸು ಉಂಡರೂ ಮೈ ಹಿಡಿಯದು. ಬಡಕಲಾದ ಆ ಎದೆಗೆ ರವದಿ ಒಲೆಯ ಹೊಗೆ ತಾಗಿದರೆ ನ್ಯುಮೋನಿಯಾ ಬೇಗ ಹಿಡಿಯುತ್ತದೆ. ಗಾಳಿಯಾಡದ ಒಂದೇ ಗೂಡಿನಲ್ಲಿ ಆರು ಜನ ಮಲಗಿದರೆ ಒಬ್ಬರ ಕ್ಷಯ ಆರು ಜನರ ಚಿಂತೆ. ನಮ್ಮ ಗಟ್ಟಿ ಮನೆಯವರನ್ನು ಅಲ್ಲಿರಿಸಿದರೂ ಹೀಗೆಯೇ ಆದೀತು.

ಕ್ಷಯದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು. ಕಬ್ಬಿನ ಸುಗ್ಗಿ ಅಷ್ಟು ದಿನ ಇರುವುದಿಲ್ಲ. ನಡುವೆ ಊರಿಗೆ ಹೊರಟವರ ಮಾತ್ರೆ ನಿಂತೇಹೋಗಬಹುದು. ಸರಕಾರಿ ಆಸ್ಪತ್ರೆಯಲ್ಲಿ ಹೇಳಿ ಹೋದರೆ ಚಿಕಿತ್ಸೆಯನ್ನು ಅವರ ಊರಿಗೆ ವರ್ಗಾಯಿಸುತ್ತಾರೆ, ಉಚಿತವಾಗಿ. ಮಕ್ಕಳ ಲಸಿಕೆಗೂ ಯಾವ ಊರಿನವರು ಎಂಬ ತಡೆಯಿಲ್ಲ. ನಿಮ್ಮ ಹೊಲಕ್ಕೆ ಕಡಿಯಲು ಬಂದವರಿಗೆ ಇದನ್ನು ತಿಳಿಸಿರಿ, ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಗುಡಿಸಲುಗಳಿರುವ ಜಾಗ ತೋರಿಸಿರಿ. ಬೋರ್‌ವೆಲ್ ಇದ್ದವರು ಸುಗ್ಗಿ ಮುಗಿಯುವವರೆಗೆ ಒಂದು ನಳ ಹೊರಗೆ ಬಿಡಿರಿ.