ಮೊದಲ ಮೀಟಿಗೇ ಶ್ರುತಿ

ಶ್ರುತಿ ಮಾಡಿದ ಬ್ಯಾಂಜೋವನ್ನು ಮಗುವಿನ ತೊಡೆಯ ಮೇಲಿಟ್ಟು, ಎಡಗೈ ಸುಮ್ಮನಿರಲಿ ಎನ್ನಿ. ಬಲಗೈ ಹೆಬ್ಬೆರಳಿನಿಂದ ಐದೂ ತಂತಿಗಳನ್ನು ಒಮ್ಮೆ ಸವರಿದರೆ ಸಾಕು, ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ ನುಡಿಯುತ್ತವೆ. ಇದಕ್ಕೆ ‘ಓಪನ್ ಜಿ’ ಶ್ರುತಿ ಎಂದು ಹೆಸರು. ಏನೂ ಕಲಿಯದ ಕೈಗೂ ಇಷ್ಟು ಇಂಪನ್ನು ಒಪ್ಪಿಸಿಬಿಡುವ ತಂತಿವಾದ್ಯಗಳು ಕಡಿಮೆ.

ನಮ್ಮಲ್ಲಿ ಗುಂಡಿಗಳನ್ನು ಒತ್ತಿ ನುಡಿಸುವ ಬುಲ್‌ಬುಲ್ ತರಂಗ್‌ಗೂ ಬ್ಯಾಂಜೋ ಎನ್ನುವುದುಂಟು. ಅದು ಜಪಾನಿನ ತೈಶೋಗೊಟೊ ವಾದ್ಯದ ಸಂತತಿ. ನಾನು ಹೇಳುತ್ತಿರುವುದು ಅಮೆರಿಕದ ಐದು ತಂತಿಯ ಬ್ಯಾಂಜೋ. ಅದರ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಇಂದಿಗೂ ಸೋರೆಬುರುಡೆಗೆ ಚರ್ಮ ಬಿಗಿದು ಮಾಡುವ ವಾದ್ಯ. ಅದರಲ್ಲೂ ಹೆಬ್ಬೆರಳಿಗೆಂದೇ ಒಂದು ಗಿಡ್ಡ ತಂತಿ. ಗುಲಾಮರಾಗಿ ಹಡಗೇರಿದವರು ಇಂಥ ವಾದ್ಯಗಳ ನೆನಪನ್ನು ಕಡಲಾಚೆಗೆ ಒಯ್ದು, ಕೆರಿಬಿಯನ್ ದ್ವೀಪಗಳಲ್ಲೂ ಅಮೆರಿಕದಲ್ಲೂ ಮತ್ತೆ ಕಟ್ಟಿದರು. ಬ್ಯಾಂಜೋದ ಐದನೆಯ ತಂತಿ ಆ ನೆನಪಿನದೇ ಕುಡಿ. ದಂಡಿಯ ಐದನೆಯ ಮೆಟ್ಟಿಲ ಬಳಿ, ಪಕ್ಕದಲ್ಲೊಂದು ಬಿರಡೆಯಿಂದ ಹೊರಡುವ ಅದು ಸದಾ ತಾರ ಷಡ್ಜವನ್ನು ಮಿಡಿಯುತ್ತಿರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ.

ಮಕ್ಕಳ ಬ್ಯಾಂಜೋ ಕಟ್ಟುವವರ ಜಾಣ್ಮೆ ಎಲ್ಲಕ್ಕಿಂತ ಮೊದಲು ಭಾರ ಇಳಿಸುವುದರಲ್ಲಿದೆ. ಬೆನ್ನಿಗೆ ಮರದ ತಟ್ಟೆ, ಒಳಗೆ ದಪ್ಪ ಲೋಹದ ಬಳೆ ಇರುವ ಬ್ಯಾಂಜೋ 5 ಕಿಲೋ ಆಸುಪಾಸು ತೂಗುತ್ತದೆ. ಅವೆರಡನ್ನೂ ಬಿಟ್ಟು, ಮೇಪಲ್ ಮರದ ಪದರಗಳನ್ನು ಬಾಗಿಸಿ ಅಂಟಿಸಿದ ಬಳೆಯೊಂದನ್ನೇ ಉಳಿಸಿಕೊಂಡ ತೆರೆದ ಬೆನ್ನಿನ ಮಾದರಿ 2 ಕಿಲೋ ಸುತ್ತಮುತ್ತ ನಿಲ್ಲುತ್ತದೆ. ಮುಚ್ಚಿಗೆ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ಕರುವಿನ ಚರ್ಮದ ದನಿ ಚೆಂದವೇ, ಆದರೆ ಮಳೆಗಾಲದ ತೇವಕ್ಕೆ ಅದು ಸಡಿಲವಾಗುತ್ತದೆ.

ಆಮೇಲೆ ನೋಡಬೇಕಾದದ್ದು ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿಲ ಮೇಲೆ ಅದು ಸುಮಾರು 3 ಮಿಲಿಮೀಟರ್ ಇದ್ದರೆ ಎಳೆ ಬೆರಳಿಗೆ ಹಿತ. ಇನ್ನೂ ಎತ್ತರವಿದ್ದರೆ ಒತ್ತುವಾಗ ನೋವು, ನೋವಾದ ಮಗು ವಾದ್ಯವನ್ನು ಮೂಲೆಗಿಡುತ್ತದೆ. ತೆಳು ಉಕ್ಕಿನ ತಂತಿ ಆರಂಭಕ್ಕೆ ಸಾಕು. ನೈಲಾನ್ ತಂತಿ ಇನ್ನೂ ಮೃದು. ಕೈ ತೀರ ಚಿಕ್ಕದಾದರೆ ಎರಡನೆಯ ಮೆಟ್ಟಿಲಿಗೆ ಕ್ಯಾಪೋ, ಅಂದರೆ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ, ಕಚ್ಚಿಸಿ, ಐದನೆಯ ತಂತಿಯನ್ನೂ ಅಷ್ಟೇ ಏರಿಸಿದರೆ ದಂಡಿ ಗಿಡ್ಡವಾದಂತಾಯಿತು, ಮೆಟ್ಟಿಲುಗಳೂ ಹತ್ತಿರ ಬಂದವು.

ತಂತಿಗಳನ್ನು ಹೊರುವ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಗಳ ಒತ್ತಡವೊಂದೇ ಅದನ್ನು ಮುಚ್ಚಿಗೆಯ ಮೇಲೆ ಹಿಡಿದಿಡುತ್ತದೆ. ಮಕ್ಕಳ ಕೈ ತಗುಲಿದರೆ ಜರುಗುತ್ತದೆ. ಸರಿಪಡಿಸುವ ದಾರಿ ಸುಲಭ. ಹನ್ನೆರಡನೆಯ ಮೆಟ್ಟಿಲ ನೇರಕ್ಕೆ ತಂತಿಯನ್ನು ಹೂವಿನಂತೆ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಿ ಕೇಳುವವರೆಗೆ ಕುದುರೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. ಮಕ್ಕಳಿಂದಲೇ ಮಾಡಿಸಿದರೆ ಅದೇ ಒಂದು ಸ್ವರಜ್ಞಾನದ ಪಾಠ. ತರಗತಿಗೆ ಕೊಳ್ಳುವಾಗ ಬಿರಡೆಗಳಲ್ಲಿ ಹಲ್ಲುಚಕ್ರ ಇದೆಯೇ ಎಂದು ನೋಡಿ, ಅದರಲ್ಲೂ ಐದನೆಯದರಲ್ಲಿ. ಬರಿಯ ಬಿಗಿತದಲ್ಲಿ ನಿಲ್ಲುವ ಬಿರಡೆ ಜಾರುತ್ತಲೇ ಇರುತ್ತದೆ. ಹತ್ತು ಬ್ಯಾಂಜೋ ಒಟ್ಟಿಗೆ ನುಡಿದರೆ ಕೋಣೆ ತುಂಬಿಹೋಗುತ್ತದೆ. ದನಿ ತಗ್ಗಿಸಲು ಹಿಂದಿನ ತೆರಪಿನಲ್ಲಿ, ಮುಚ್ಚಿಗೆಗೆ ತಾಗುವಂತೆ ಬಟ್ಟೆಯ ತುಂಡೊಂದನ್ನು ಸಿಕ್ಕಿಸುವುದು ಹಳೆಯ ವಾದಕರ ಉಪಾಯ.

ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ 1948ರಲ್ಲಿ ಈ ವಾದ್ಯಕ್ಕೊಂದು ಕೈಪಿಡಿ ಬರೆದು, ತಾವೇ ಪ್ರತಿ ತೆಗೆದು ಹಂಚಿದರು. ಎಷ್ಟೋ ಜನ ಗುರುವಿಲ್ಲದೆ ಕಲಿತದ್ದು ಆ ಪುಸ್ತಕದಿಂದ. ಆರಂಭದ ನಡೆ ಹೀಗೆ: ಉಗುರಿನಿಂದ ಒಂದು ತಂತಿಗೆ ಪೆಟ್ಟು, ತಂತಿಗಳ ಮೇಲೊಂದು ಸವರಿಕೆ, ಕೂಡಲೇ ಹೆಬ್ಬೆರಳಿನಿಂದ ಗಿಡ್ಡ ತಂತಿಯ ಮಿಡಿತ. ಈ ಲಯ ಕೈಗೆ ಹತ್ತಿದ ಮೇಲೆ ಎಡಗೈಯ ಎರಡು ಬೆರಳು ಸೇರಿಸಿದರೆ ‘ಡಿ ಸೆವೆನ್’ ಸ್ವರಗುಚ್ಛ ಸಿಗುತ್ತದೆ. ತೆರೆದ ತಂತಿಗಳ ಜಿ, ಜೊತೆಗೆ ಇದೊಂದು. ಎಷ್ಟೋ ಶಿಶುಗೀತೆಗಳಿಗೆ ಇವೆರಡೇ ಸಾಕು.

ತರಗತಿಗೆ ಬ್ಯಾಂಜೋ ಒಗ್ಗುವುದು ಇದಕ್ಕೇ. ಒಂದು ಮಗು ಹಾಡಿನ ಮಟ್ಟು ನುಡಿಸುತ್ತಿದ್ದರೆ, ನಿನ್ನೆ ಸೇರಿದ ಮಗು ಪಕ್ಕದಲ್ಲಿ ಕೂತು ಗಿಡ್ಡ ತಂತಿಯೊಂದನ್ನೇ ತಾಳಕ್ಕೆ ಮಿಡಿಯಬಹುದು. ಹಾಡಿಗೆ ಶ್ರುತಿ ಹಿಡಿಯುವ ಹೊಣೆ ಆಗ ಆ ಹೊಸ ಮಗುವಿನ ಹೆಬ್ಬೆರಳಿನದು.